ಪಂಕ್ತಿಯಿಂದ ಏಳದ ಸೋದರಮಾವ

ಕೊಲೆಸ್ಟ್ರಾಲ್ ಏರಿದೆಯೆಂದು ಸಿಂಧನೂರಿನ ಡಾಕ್ಟರು ನನಗೆ ಸ್ಟ್ಯಾಟಿನ್ ಗುಳಿಗೆ ಬರೆದುಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ತೊಡೆಗಳು ನೋಯತೊಡಗಿ, ನನ್ನವಲ್ಲ ಎನ್ನುವಂತಾದವು. ಮಸ್ಕಿಯ ನನ್ನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತರೆ, ಏಳಲು ಕಪಾಟು ಹಿಡಿಯಬೇಕಿತ್ತು. ವಯಸ್ಸಾಯಿತೆಂದುಕೊಂಡು ಯಾರಿಗೂ ಹೇಳಲಿಲ್ಲ.

ಆ ದಿನಗಳಲ್ಲೇ ಅಕ್ಕನ ಮಗಳ ಮದುವೆ ಮಾತುಕತೆಗೆ ವಳಕಮದಿನ್ನಿಯ ಗಂಡಿನ ಮನೆಗೆ ಹೋದೆವು. ಎಲ್ಲ ಒಪ್ಪಿಗೆಯಾಗಿ, ಮದುವೆ ಎಲ್ಲಿ ಎಂಬುದೊಂದೇ ಉಳಿದಿತ್ತು. ಗಂಡಿನ ಅಜ್ಜನಿಗೆ ಲಿಂಗಸುಗೂರಿನ ಒಂದು ಕಲ್ಯಾಣ ಮಂಟಪದ ಮೇಲೆ ಮೋಹ. ನಾವು ಮಸ್ಕಿ ಎಂದು ಹಟ ಹಿಡಿದಿದ್ದೆವು. ಉಂಡು ಮಾತಾಡೋಣವೆಂದು ಪಡಸಾಲೆಯಲ್ಲಿ ಪಂಕ್ತಿ ಹಾಕಿ ಕೂತೆವು.

ಊಟ ಮುಗಿದು ಎಲ್ಲರೂ ಎದ್ದರು. ನಾನು ಏಳಲಿಲ್ಲ. ಅಂದರೆ, ತೊಡೆಗಳು ಏಳಲಿಲ್ಲ.

"ಮಾವಾರಿಗೆ ಇನ್ನೊಂದು ಹೋಳಿಗಿ ಹಾಕ್ರಿ," ಎಂದು ಯಾರೋ ಕೂಗಿದರು. ಮೇಲೆ ತುಪ್ಪವನ್ನೂ ಸುರಿದರು. ಮರ್ಯಾದೆಗೆ ತಿಂದೆ. ಅಷ್ಟರಲ್ಲಿ ಹೆಂಗಸರ ಪಂಕ್ತಿ ನನ್ನ ಎರಡೂ ಬದಿಗೆ ಕೂತಿತು. ಆ ಸಾಲಿನ ಏಕೈಕ ಗಂಡಸಾಗಿ ಎರಡನೆಯ ಊಟಕ್ಕೂ ಕೈಯಿಟ್ಟೆ.

ಆ ಪಂಕ್ತಿಯೂ ಎದ್ದಾಗ ಅಜ್ಜ ರುಮಾಲು ಸರಿಮಾಡಿಕೊಳ್ಳುತ್ತಾ ಬಂದು ಎದುರಿಗೆ ನಿಂತರು.

"ಬೀಗರು ನಾರಾಜ ಆಗ್ಯಾರೇನು?"

"ಇಲ್ರೀ ಯಜಮಾನ್ರ, ಕಾಲು..."

"ಕಾಲು ಹಿಡೀಬೇಕೇನು ನಾನು? ಈ ವಯಸ್ಸಿನ್ಯಾಗ?"

ಅಜ್ಜ ಸರ್ರನೆ ಒಳಗೆ ಹೋದರು. ಒಳಗೆ ಗುಸುಗುಸು ನಡೆದು ಅಜ್ಜ ಮತ್ತೆ ಬಂದರು. "ಆತು, ಮಸ್ಕಿಯಾಗ ಆಗ್ಲಿ. ಇನ್ನರ ಏಳ್ರಿ."

ಅವಸರದಲ್ಲಿ ಅರ್ಧ ಎದ್ದೆ, ಧೊಪ್ಪನೆ ಮತ್ತೆ ಕೂತೆ.

"ಇನ್ನೂ ಏನೋ ಬೇಕಂತ ಅವರಿಗೆ!" ಎಂದಿತು ಅಡುಗೆಮನೆ.

ಅಕ್ಕ ಹಿಂದಿನಿಂದ ಬಗ್ಗಿ ನನ್ನ ಕಿವಿಯಲ್ಲಿ, "ಇನ್ನೊಂದೀಟು ಕುಂದ್ರು. ಧಾರಿ ಸೀರಿ ಬಣ್ಣಾನೂ ನಮ್ಮಿಷ್ಟದ್ದು ಮಾಡಿಸ್ಕೋತೀನಿ," ಎಂದಳು.

ನನಗೆ ನಾಚಿಕೆ, ಸಂಕಟ ಎರಡೂ ಒಟ್ಟಿಗೆ ಬಂದವು. "ನನಗ ಸಿಟ್ಟಿಲ್ರೀ! ಏಳಾಕ ಆಗವಲ್ದು! ಕೊಲೆಸ್ಟ್ರಾಲ್ ಗುಳಿಗಿ ತೊಗೊಂಡಾಗಿಂದ ತೊಡಿ ಹಿಂಗಾಗ್ಯಾವು!" ಎಂದು ಕೂಗಿಬಿಟ್ಟೆ.

ಅಜ್ಜ ಪಕ್ಕದಲ್ಲೇ ಕೂತು ನನ್ನ ತೊಡೆ ಒತ್ತಿ ನೋಡಿದರು. "ನನಗೂ ಹಿಂಗ ಆಗಿತ್ತಲ್ಲ! ಡಾಕ್ಟರ್‌ಗೆ ಹೇಳಿ ಬ್ಯಾರೆ ಗುಳಿಗಿ ಬರೆಸ್ಕೊಂಡೆ. ನೀವು ಹೇಳಿಲ್ಲೇನು?" ಇಬ್ಬರು ಬಂದು ಕಂಕುಳಲ್ಲಿ ಕೈಹಾಕಿ ನನ್ನನ್ನು ಎತ್ತಿ ನಿಲ್ಲಿಸಿದರು. ನಿಂತದ್ದನ್ನು ಖಾತ್ರಿ ಮಾಡಿಕೊಂಡ ಅಜ್ಜ, "ಸಿಟ್ಟಿಲ್ಲಂದ್ರ ಮದುವಿ ಲಿಂಗಸುಗೂರಾಗ," ಎಂದರು.

ಮರುದಿನವೇ ಸಿಂಧನೂರಿಗೆ ಹೋದೆ. "ನೋವು ಶುರುವಾದ ಕೂಡ್ಲೆ ಯಾಕ ಬರಲಿಲ್ರಿ?" ಎಂದು ಡಾಕ್ಟರು ಗದರಿ, ರಕ್ತ ಪರೀಕ್ಷೆ ಮಾಡಿಸಿ, ಆ ಗುಳಿಗೆ ನಿಲ್ಲಿಸಿದರು. ಕೆಲವು ವಾರಗಳಲ್ಲಿ ಕಾಲು ಹಗುರಾದವು. ಆಮೇಲೆ ಬೇರೊಂದು ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಇದು ನನಗೆ ಒಗ್ಗಿದೆ.

ಮದುವೆ ಲಿಂಗಸುಗೂರಿನಲ್ಲೇ ನಡೆಯಿತು. ಮಂಟಪ ನಿಜಕ್ಕೂ ಚೆನ್ನಾಗಿತ್ತು. ಅಕ್ಕನ ಎದುರು ಮಾತ್ರ ಈ ಮಾತನ್ನು ನಾನಿನ್ನೂ ಆಡಿಲ್ಲ.