ಬೋಳಿ ಎಂಬ ಮಾತು

ಕೋಡಿಯ ಪದ್ದು ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಬಸ್ಸಿನಲ್ಲಿ ಬಾರ್ಕೂರಿಗೆ ಒಯ್ದು ಮನೆಮನೆಗೂ ಮಾರುಕಟ್ಟೆಯಲ್ಲೂ ಮಾರುತ್ತಿದ್ದಳು. ಗಂಡ ಭೋಜ ದೋಣಿಗೆ ಹೋಗುವವನು. ಸೋಣೆ ತಿಂಗಳಲ್ಲಿ, ಮಳೆ ಇಳಿಯುವ ಹೊತ್ತಿಗೆ, ಅವಳ ಕಿವಿಯ ಹಿಂದೆ ಅಂಟುವಾಳದ ಕಾಯಿಯಷ್ಟಗಲ ಕೂದಲು ಉದುರಿತು. ಕುಂದಾಪುರದ ವೈದ್ಯರು ಮುಲಾಮು ಬರೆದುಕೊಟ್ಟು, ಮತ್ತೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ದಿನವೂ ಭೋಜನೇ ಹಚ್ಚುತ್ತಿದ್ದ. ಕೂದಲು ಬರಲಿಲ್ಲ. ಬೇಸಿಗೆಯ ಹೊತ್ತಿಗೆ ತಲೆಯೆಲ್ಲ ಬರಿದಾಗಿ, ಹುಬ್ಬೂ ಉಳಿಯಲಿಲ್ಲ. ಪದ್ದು ತಲೆಗೆ ಬಟ್ಟೆ ಸುತ್ತಿ, ಅದರ ಮೇಲೆ ಬುಟ್ಟಿ ಹೊತ್ತಳು.

ಒಂದು ದಿನ ಮಾರುಕಟ್ಟೆಯಲ್ಲಿ ಜಾಗದ ಜಗಳಕ್ಕೆ ಪಕ್ಕದವಳು ಆ ಬಟ್ಟೆ ಎಳೆದುಹಾಕಿ, "ಹೋಗೇ ಬೋಳಿ" ಎಂದಳು. ಮನೆಗೆ ಬಂದು ಹೇಳಿದಾಗ ಭೋಜ ಉಣ್ಣುತ್ತಿದ್ದವನು ಎದ್ದುಬಿಟ್ಟ.

"ಅದ್ ಗಂಡ ಸತ್ತವ್ಳಿಗೆ ಹೇಳು ಮಾತ್. ನಾನ್ ಬದ್ಕಿಪ್ಪತಿಗೆ ನಿಂಗೆ ಹಾಂಗ್ ಹೇಳುಕೆ ಅವ್ಳ್ ಯಾರ್?"

ಆ ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದ ವಾರ, ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯಲ್ಲಿ ಭೋಜನ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಅವನ ಹೆಣ ಮರವಂತೆಯಲ್ಲಿ ಸಿಕ್ಕಿತು.

ಬಳೆ, ಹೂ ತೆಗೆಸಲು ನೆಂಟರ ಹೆಂಗಸರು ಬಂದರು. ಶಾಸ್ತ್ರಕ್ಕೆ ಮೊದಲು ಮುಡಿಸಬೇಕು, ಆಮೇಲೆ ತೆಗೆಯಬೇಕು. ಒಬ್ಬಳು ಪದ್ದುವಿನ ತಲೆಬಟ್ಟೆ ಬಿಚ್ಚಿ, ಮಲ್ಲಿಗೆ ಹಿಡಿದುಕೊಂಡು ಎಲ್ಲಿ ಸಿಕ್ಕಿಸುವುದೆಂದು ತಿಳಿಯದೆ ನಿಂತಳು. ಅತ್ತೆ, ಭೋಜನ ತಾಯಿ, ಮೂಲೆಯಿಂದ ಎದ್ದು ಬಂದರು.

"ಬಿಡಿ ಅವ್ಳನ್ನ. ತೆಗುಕೆ ಎಂತ ಉಳ್ದಿತ್ತ್ ಅಲ್ಲಿ?" ಎಂದು ತಾವೇ ಬಟ್ಟೆ ಕಟ್ಟಿದರು. ಅಂಗಳದಲ್ಲಿ ಯಾರೋ, "ಅವ್ಳ್ ಬೋಳ್ ಮಂಡೆ ಮೊದ್ಲೇ ಹೇಳಿತ್ತ್ ಕಾಣಿ" ಎಂದದ್ದು ಒಳಗಿದ್ದವರಿಗೂ ಕೇಳಿಸಿತು.

ತಿಂಗಳು ಕಳೆದು ಪದ್ದು ಮತ್ತೆ ಬುಟ್ಟಿ ಹೊತ್ತಳು. ಬಸ್ಸಿನಲ್ಲಿ ಸಾಲಿಗ್ರಾಮದ ಕೃಷ್ಣಯ್ಯ ಸಿಗುತ್ತಿದ್ದರು, ಕನ್ನಡ ಮೇಷ್ಟ್ರಾಗಿದ್ದವರು. ಒಂದು ದಿನ ಅವರ ಹತ್ತಿರ ಕೇಳಿಯೇಬಿಟ್ಟಳು.

"ಅಯ್ಯಾ, ಬೋಳಿ ಅಂದ್ರೆ ಎಂತ? ನಂಗೆ ಆ ಮಾತ್ ಅಂದ್ ಮೇಲೆ ನನ್ ಗಂಡ ಹೋದ್ರ್."

ಕೃಷ್ಣಯ್ಯ ಕಿಟಕಿಯಾಚೆ ಕೈ ತೋರಿಸಿದರು.

"ಬೋಳ್ ಅಂದ್ರೆ ಮೇಲೆ ಎಂತದೂ ಇಲ್ದೆ ಇಪ್ಪುದ್. ಎಲೆ ಉದ್ರಿದ್ ಮರವೂ ಬೋಳು, ಹುಲ್ಲಿಲ್ಲದ ಗುಡ್ಡೆಯೂ ಬೋಳು. ಅಷ್ಟೇ. ಹಿಂದೆ ನಮ್ ಬ್ರಾಹ್ಮಣ್ರ ಮನೆಗಳಲ್ಲಿ ಗಂಡ ಸತ್ರೆ ಹೆಂಗ್ಸ್ರ ತಲೆ ಬೋಳ್ಸ್ತಿದ್ರ್. ಅವ್ರನ್ನ ಬೋಳಿ ಅಂದ್ರ್, ಮತ್ತೆ ಅದೇ ಬೈಗಳ ಆಯ್ತ್. ನಿಮ್ಮಲ್ಲಿ ಬೋಳಿಸುವ ಕ್ರಮವೇ ಇರ್ಲಿಲ್ಲ ಮಾರಾಯ್ತಿ. ಮಾತಿಂದ ಯಾರೂ ಸಾಯುದಿಲ್ಲ."

"ನೀವ್ ಕಂಡಿದ್ರ್ಯಾ, ಬೋಳ್ಸಿದವ್ರನ್ನ?"

"ನನ್ನ ದೊಡ್ಡಜ್ಜಿ. ಕೆಂಪು ಸೀರೆ, ತಲೆ ತುಂಬ ಸೆರಗು. ಹಿಂದಿನ ಕೋಣೆಯಲ್ಲಿ ಇರ್ತಿದ್ರ್. ನಂಗೆ ಬೆಲ್ಲ ಕೊಡ್ತಿದ್ರ್."

"ಅವ್ರ್ ಹೆಸ್ರ್ ಎಂತ?"

ಕೃಷ್ಣಯ್ಯ ಹೆಸರು ನೆನೆಯಲು ನೋಡಿದರು. ಬಸ್ಸು ಬ್ರಹ್ಮಾವರ ದಾಟಿತು. ಮನೆಯಲ್ಲಿ ಎಲ್ಲರೂ ಅವರನ್ನು ಬೋಳಜ್ಜಿ ಎಂದೇ ಕರೆಯುತ್ತಿದ್ದರು. ಬೇರೆ ಹೆಸರನ್ನು ಕೃಷ್ಣಯ್ಯ ಯಾವತ್ತೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದರು.

ಪದ್ದು ಬಾರ್ಕೂರಿನಲ್ಲಿ ಇಳಿದು ಬುಟ್ಟಿಯನ್ನು ತಲೆಗೇರಿಸಿಕೊಂಡಳು. ಮೊದಲ ಮನೆಯ ಎದುರು ನಿಂತು, "ಹ್ವಾಯ್, ಪದ್ದು ಬಂದ್ಲ್, ಮೀನ್ ಬೇಕಾ?" ಎಂದು ಕೂಗಿದಳು.