ಅತ್ತಿಗೆಯ ಸಹಿ

ಗಂಗಾವತಿಯಲ್ಲಿ ನಾನು ತೆರಿಗೆ ವಕೀಲಿಕೆ ಶುರು ಮಾಡಿ ಆಗ ಆರು ವರ್ಷವಾಗಿತ್ತು. ನನ್ನ ಕಕ್ಷಿದಾರರಲ್ಲಿ ಎಲ್ಲರಿಗಿಂತ ಸಿರಿವಂತರು ಒಬ್ಬ ಅಕ್ಕಿ ಗಿರಣಿಯ ಮಾಲೀಕರು. ಒಂದು ಸೋಮವಾರ ಬೆಳಿಗ್ಗೆ ಅವರು ಆದಾಯ ತೆರಿಗೆ ಇಲಾಖೆಯ ನೋಟಿಸು ಹಿಡಿದು ಬಂದರು. ಅದು ಬಂದು ಎಷ್ಟೋ ದಿನಗಳಾಗಿದ್ದರೂ ಒಡೆದು ನೋಡಿರಲಿಲ್ಲ. ಉತ್ತರ ಕೊಡಲು ಉಳಿದದ್ದು ಮರುದಿನ ಸಂಜೆಯವರೆಗೆ ಮಾತ್ರ.

ಅವರ ತೀರಿಕೊಂಡ ಅಣ್ಣನ ಹೆಂಡತಿ ಅದೇ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಆಕೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿ, ಲೆಕ್ಕಕ್ಕೆ ಬಾರದ ಅಕ್ಕಿಯ ಹಣವನ್ನು ಮಾಲೀಕರು ಅಲ್ಲಿಡುತ್ತಿದ್ದರು. ಆ ಹಣ ಯಾರದೆಂದು ಇಲಾಖೆ ಕೇಳಿತ್ತು.

ನಿಜ ಒಪ್ಪಿಕೊಂಡು ತೆರಿಗೆ ಕಟ್ಟಿಬಿಡಿ ಎಂದೆ. ಅವರಿಗೆ ಹಿಡಿಸಲಿಲ್ಲ.

"ಅತ್ತಿಗೀದು ಅಂತ ಬರೀರಿ ಮೇಡಮ್ಮಾರ. ಖಾತೆ ಆಕೀದು, ರೊಕ್ಕಾನೂ ಆಕೀದು."

ಇವರನ್ನು ಕಳೆದುಕೊಂಡರೆ ಇವರ ಬೀಗರ, ಗೆಳೆಯರ ಕಡತಗಳೂ ಹಿಂದೆಯೇ ಹೋಗುತ್ತಿದ್ದವು. ಬರೆದೆ. ಹಣವೆಲ್ಲ ತನ್ನದೇ, ಗಿರಣಿಗೂ ಮೈದುನನಿಗೂ ಸಂಬಂಧವಿಲ್ಲ ಎಂದು ಆಕೆಯ ಹೇಳಿಕೆ. ಎಲ್ಲೂ ಸಂದು ಬಿಡದಂತೆ, ಚೆನ್ನಾಗಿಯೇ ಬರೆದೆ.

ಮರುದಿನ ಮಧ್ಯಾಹ್ನ ಸಹಿಗೆಂದು ಅವರ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದ ಆಕೆ ಕೈ ತೊಳೆದು ಬಂದಳು. ಓದಿದ್ದು ನಾಲ್ಕನೆಯ ತರಗತಿ, ಕಾಗದವಿದ್ದದ್ದು ಇಂಗ್ಲಿಷಿನಲ್ಲಿ. ಮೈದುನ ಪಕ್ಕದಲ್ಲೇ ನಿಂತಿದ್ದರೂ, ಏನು ಬರೆದಿದೆ ಎಂದು ಆಕೆ ಕೇಳಿದ್ದು ನನ್ನನ್ನು.

"ಗಿರಣಿ ಕಾಗದ ಅದಾವ್ರಿ. ವರ್ಷಾ ಇರತಾವಲ್ಲ, ಅವ" ಎಂದೆ.

"ನೀವು ಹೆಣ್ಮಗಳು ಅದೀರಿ. ನೀವು ಹೇಳಿದ್ರ ಮುಗೀತ್ರಿ."

ಮೂರು ಕಡೆ ಸಹಿ ಹಾಕಿದಳು. ಉಂಡು ಹೋಗಲು ಒತ್ತಾಯಿಸಿದಳು. ಉಂಡೆ.

ಐದು ಗಂಟೆಗೆ ಉತ್ತರ ಕಳುಹಿಸಿದೆ. ಮಾಲೀಕರು ಪಾರಾದರು. ಆಕೆಯ ಮೇಲೆ ತೆರಿಗೆ, ಬಡ್ಡಿ, ದಂಡ ಬಿದ್ದವು. ತವರಿನವರು ಆಕೆಗೆ ಕೊಟ್ಟಿದ್ದ ಆನೆಗೊಂದಿಯ ಬಾಳೆತೋಟವನ್ನು ಇಲಾಖೆ ಜಪ್ತಿ ಮಾಡಿತು. ಆಕೆಗಿದ್ದ ಆಸ್ತಿ ಅದೊಂದೇ. ಅಷ್ಟಕ್ಕೇ ಬಿಡದೆ ಮಾಲೀಕರು, ಅತ್ತಿಗೆ ಗಿರಣಿಯ ಹಣ ಕದ್ದು ಕೂಡಿಟ್ಟಿದ್ದಳು ಎಂದು ನೆಂಟರನ್ನು ಕೂಡಿಸಿ ಹೇಳಿ, ಆಕೆಯನ್ನು ಮನೆಯಿಂದ ಹೊರಗೆ ಹಾಕಿದರು.

ಆಕೆ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ನನ್ನ ಕಚೇರಿಗೆ ಬಂದಳು. ಅಧಿಕಾರಿಗಳಿಗೆ ನಿಜ ತಿಳಿಸಿರೆಂದು ಬೇಡಿಕೊಂಡಳು. ನಾನು ಗಿರಣಿಯ ವಕೀಲೆ, ನಿಮ್ಮ ಕೆಲಸ ಹಿಡಿಯಲು ಬರುವುದಿಲ್ಲ, ಕೊಪ್ಪಳದಲ್ಲಿ ಯಾರನ್ನಾದರೂ ನೋಡಿ ಎಂದೆ. ಆಕೆ ಎದ್ದು ಹೋಗಲಿಲ್ಲ.

"ಅವತ್ತ ನಿಮಗ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ ಎಂದೆ.

ಆಕೆ ನಂಬಿದಳು. "ಹಂಗಾದ್ರ ನಿಮಗೂ ಮೋಸ ಮಾಡ್ಯಾನ" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಹೊರಗೆ ಬೇರೆ ಕಕ್ಷಿದಾರರು ಕಾಯುತ್ತಿದ್ದರು. ನಾನು ಗಡಿಯಾರ ನೋಡಿದೆ. ಅದನ್ನು ಕಂಡು ಆಕೆಯೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ಈಗ ಆನೆಗೊಂದಿಯಲ್ಲಿ ಬಾಳೆನಾರು ಹೊಸೆಯುವ ಕೂಲಿಗೆ ಹೋಗುತ್ತಾಳಂತೆ. ಮಾಲೀಕರು ಈಗಲೂ ನನ್ನ ಕಕ್ಷಿದಾರರು. ಹೋದ ತಿಂಗಳು ಹೊಸ ಖಾತೆಯೊಂದರ ಕಾಗದ ತಂದರು, ಅವರ ಡ್ರೈವರನ ಹೆಸರಿನಲ್ಲಿ. ನಾನು ತೆಗೆದಿಟ್ಟುಕೊಂಡೆ.