ಮೊದಲ ಸುತ್ತಿನ ಆತುರ

ನಮ್ಮ ಮೇಷ್ಟ್ರ ಮೀನಖಂಡಗಳು ಅವರ ವಯಸ್ಸಿಗೆ ಸೇರಿದವೇ ಅಲ್ಲ. ಮುಖ ಸುಕ್ಕಾಗಿತ್ತು, ಮೀಸೆ ನರೆತಿತ್ತು. ಮೊಣಕಾಲಿನ ಕೆಳಗೆ ಮಾತ್ರ ಹರೆಯದ ಹುಡುಗನ ಕಾಲು, ಹುರಿಗಟ್ಟಿದ ಹಗ್ಗದ ಹಾಗೆ. ಹುಣಸೂರಿನ ನಮ್ಮ ಕಾಲೇಜಿನಲ್ಲಿ ಪಿ.ಟಿ. ಮಾಡಿಸುತ್ತಿದ್ದ ಅವರು, ನಿವೃತ್ತರಾದ ಮೇಲೂ ನನಗೆ ಸೈಕಲ್ ರೇಸು ಕಲಿಸುವುದನ್ನು ಬಿಡಲಿಲ್ಲ.

ಬೆಳಗಾಗುತ್ತಲೇ ಕಟ್ಟೆಮಳಲವಾಡಿ ರಸ್ತೆ. ತಂಬಾಕು ಹದಮಾಡುವ ಬ್ಯಾರನ್ ಮನೆಯಿಂದ ನಾಲೆ ಸೇತುವೆವರೆಗೆ ಜೀವ ಬಿಟ್ಟು ತುಳಿಯಬೇಕು, ವಾಪಸು ಬರುವಾಗ ಸುಧಾರಿಸಿಕೊಳ್ಳಬೇಕು, ಮತ್ತೆ ತುಳಿಯಬೇಕು. ಇದಕ್ಕೆ ಇಂಟರ್‌ವಲ್ ಅಂತೆ! ಸಿನಿಮಾದ ಇಂಟರ್‌ವಲ್‌ನಲ್ಲಾದರೂ ಕಡ್ಲೇಕಾಯಿ ಸಿಗುತ್ತೆ ಎಂದು ನಾನು ಗೊಣಗುತ್ತಿದ್ದೆ.

ಒಂದು ದಿನ ಶುರುವಿನಲ್ಲೇ ಜೋರು, ಇನ್ನೊಂದು ದಿನ ಕೊನೆತನಕ ಒಂದೇ ಸಮ. ಸೇತುವೆ ಮುಟ್ಟಿದ ಕೂಡಲೇ ಕತ್ತಿನ ನಾಡಿಗೆ ನಾನೇ ಬೆರಳಿಟ್ಟು ನೋಡಬೇಕು, ಬೆಳಿಗ್ಗೆ ತಿಂದದ್ದನ್ನು ಒಂದೇ ಉಸಿರಿಗೆ ಹೇಳಬೇಕು. ಸಮನಾಗಿ ತುಳಿದ ದಿನ, "ಬಾಳೆಹಣ್ಣು, ಆಮೇಲೆ ಒಂದು ಲೋಟ ರಾಗಿ ಗಂಜಿ ಸಾರ್" ಎಂದು ಪೂರಾ ಬರುತ್ತಿತ್ತು. ಶುರುವಿಗೇ ನುಗ್ಗಿದ ದಿನ ಎದೆ ಡವಗುಟ್ಟಿ, ತೊಡೆಯಲ್ಲಿ ಬೆಂಕಿ ಎದ್ದು, ಬಾಳೆಹಣ್ಣಿಗೇ ಮಾತು ನಿಲ್ಲುತ್ತಿತ್ತು.

"ಗಾಬ್ರಿ ಆಗ್ಬ್ಯಾಡ ಕಣವ್ವ. ಕಾಯಿಲೆ ಅಲ್ಲ ಇದು, ಮೊದಲ ಸುತ್ತಿನ ಆತುರ. ಎಲ್ಡು ನಿಮಿಷ ನಿಂತ್ಕೊ, ಅದೇ ಇಳೀತದೆ" ಎನ್ನುತ್ತಿದ್ದರು.

ನಿಂತರೆ ಇಳಿಯುತ್ತಿತ್ತು. ಒಂದು ದಿನವೂ ಅವರ ಮಾತು ಸುಳ್ಳಾಗಲಿಲ್ಲ. ಕೊನೆಗೆ ಆ ಮಾತೇ ಅವರ ಜೀವ ತೆಗೆಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಅವರೂ ನನ್ನ ಪಕ್ಕದಲ್ಲೇ ತುಳಿದರು. ಸೇತುವೆಗೆ ಬಂದವರು ಹ್ಯಾಂಡಲ್ ಮೇಲೆ ಬಾಗಿಬಿಟ್ಟರು. ಬಟ್ಟೆಯೆಲ್ಲ ಬೆವರು, ಎಡಗೈಯನ್ನು ಮತ್ತೆ ಮತ್ತೆ ಕೊಡವುತ್ತಿದ್ದರು.

"ಏನ್ ತಿಂದ್ರಿ ಸಾರ್?" ಎಂದೆ, ತಮಾಷೆಗೆ.

"ಇಡ್ಲಿ..." ಮುಂದಿನ ಮಾತು ಬರಲಿಲ್ಲ.

ಎದುರಿಗೆ ಬಂದ ಆಟೋ ನಿಲ್ಲಿಸಿ, "ಆಸ್ಪತ್ರೆಗೆ ಹೋಗೋಣ, ಹತ್ತಿ ಸಾರ್" ಎಂದು ಗೋಗರೆದೆ.

"ಅಯ್, ಬುಡವ್ವ! ಮೊದ್ಲೇ ಸುತ್ತಿಗೆ ನುಗ್ಬುಟ್ಟೆ. ಇಳೀತದೆ" ಎಂದು ಕೈಯಾಡಿಸಿ ಆಟೋದವನನ್ನು ಕಳಿಸಿಯೇಬಿಟ್ಟರು. ಸೇತುವೆಯ ಕಟ್ಟೆಗೆ ಒರಗಿ, ಕತ್ತಿಗೆ ಬೆರಳಿಟ್ಟುಕೊಂಡು, "ನೋಡು, ನಿಧಾನ ಆಯ್ತಾ ಅದೆ" ಎಂದು ನನಗೇ ಧೈರ್ಯ ಹೇಳಿದರು. ನಿಧಾನವಾಗುತ್ತಲೇ ಹೋಯಿತು. ಹಾಲಿನ ವ್ಯಾನೊಂದನ್ನು ಅಡ್ಡಗಟ್ಟಿ ಅವರನ್ನು ಮಲಗಿಸುವಷ್ಟರಲ್ಲಿ ನಾಡಿಯೇ ಸಿಗಲಿಲ್ಲ.

ಸಿಟ್ಟು ಬರುತ್ತದೆ ನನಗೆ, ಸತ್ತವರ ಮೇಲೆ. ಇನ್ನೊಬ್ಬರ ಎದೆಬಡಿತವನ್ನು ಅಷ್ಟು ಚೆನ್ನಾಗಿ ಬಲ್ಲವರಿಗೆ ತಮ್ಮದು ತಿಳಿಯಬಾರದಿತ್ತೇ? ನಾನು ಗೆದ್ದ ಪ್ರತಿ ರೇಸೂ ಅವರು ಹಾಕಿದ ಭಿಕ್ಷೆ. ಆದರೆ ಈಗ ಪಿರಿಯಾಪಟ್ಟಣದ ಕಡೆಗಿನ ಏರಿನಲ್ಲಿ ಎದೆ ಡವಗುಟ್ಟಿದರೆ, ಇದು ಆತುರವೋ ಮತ್ತೊಂದೋ ಗೊತ್ತಾಗುವುದಿಲ್ಲ. ಅವರೇ ಎದ್ದು ಬಂದು ಹೇಳಿದರೂ ಇನ್ನು ನಂಬಲಾರೆ. ಸೈಕಲ್ಲಿಂದ ಇಳಿದು, ತಳ್ಳಿಕೊಂಡು ಮನೆಗೆ ಬರುತ್ತೇನೆ.